ಲೂಸಿಡ್ ಕನಸು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕನಸಿನೊಳಗೇ ‘ಇದು ಕನಸು’ ಎಂದು ತಿಳಿದುಕೊಳ್ಳುವ ಅಭ್ಯಾಸಕ್ಕೆ ಈಗಷ್ಟೇ ಕೈಹಾಕಿದವರಿಗಾಗಿ ಈ ಪುಟ. ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಚಮತ್ಕಾರ ಕಡಿಮೆ, ನಿದ್ರೆ ಮತ್ತು ನೆನಪಿನ ಮಾತು ಹೆಚ್ಚು. ಹೊಸಬರು ಸೋಲುವುದು ಸಾಮಾನ್ಯವಾಗಿ ಈ ಎರಡರಲ್ಲೇ.

ಲೂಸಿಡ್ ಕನಸು ಎಂದರೆ ತುಂಬಾ ಸ್ಪಷ್ಟವಾಗಿ ಕಾಣುವ ಕನಸೇ?

ಅಲ್ಲ. ಕನಸು ಮಸುಕಾಗಿದ್ದರೂ ಚಿಂತೆಯಿಲ್ಲ, ‘ನಾನೀಗ ಕನಸು ಕಾಣುತ್ತಿದ್ದೇನೆ’ ಎಂಬ ಅರಿವು ಅದರೊಳಗೇ ಇದ್ದರೆ ಅದು ಲೂಸಿಡ್ ಕನಸು. ಬಣ್ಣ, ಸದ್ದು, ಭಯ ಎಲ್ಲವೂ ಎದ್ದು ಕಾಣುತ್ತಿದ್ದು ಆ ಅರಿವೊಂದು ಇಲ್ಲದಿದ್ದರೆ ಅಲ್ಲ. ಕನಸನ್ನು ನಮಗೆ ಬೇಕಾದಂತೆ ನಡೆಸುವುದು ಇನ್ನೊಂದೇ ವಿಷಯ. ಅರಿವು ಇದ್ದೂ ಹಿಡಿತ ಇಲ್ಲದ ಕನಸುಗಳೇ ಆರಂಭದಲ್ಲಿ ಹೆಚ್ಚು.

ಈ ಹೆಸರನ್ನು ಬಳಕೆಗೆ ತಂದವರು ನೆದರ್ಲೆಂಡ್ಸ್‌ನ ಮನೋವೈದ್ಯ ಮತ್ತು ಲೇಖಕ ಫ್ರೆಡೆರಿಕ್ ವಾನ್ ಈಡನ್, 1913ರಲ್ಲಿ. ಅನುಭವ ಮಾತ್ರ ಅದಕ್ಕಿಂತ ಬಹಳ ಹಳೆಯದು.

ಇದು ನಿಜವೇ? ಎದ್ದ ಮೇಲೆ ಯಾರು ಏನು ಬೇಕಾದರೂ ಹೇಳಬಹುದಲ್ಲ?

ವಿಜ್ಞಾನಿಗಳೂ ದೀರ್ಘಕಾಲ ಇದನ್ನೇ ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು ಕಣ್ಣುಗಳಿಂದ. ಕನಸುಗಳು ದಟ್ಟವಾಗಿ ಬೀಳುವ ರೆಮ್ ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಅಲುಗಾಡದೆ ಇರುತ್ತವೆ, ಕಣ್ಣಿನ ಸ್ನಾಯುಗಳು ಮಾತ್ರ ಕೆಲಸ ಮಾಡುತ್ತಿರುತ್ತವೆ. ಹಾಗಾದರೆ ಕನಸಿನೊಳಗೆ ಅರಿವು ಬಂದವನು ಮೊದಲೇ ಒಪ್ಪಿಕೊಂಡ ರೀತಿಯಲ್ಲಿ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರೆ ಕಣ್ಣಿನ ಚಲನೆ ಅಳೆಯುವ ಯಂತ್ರದಲ್ಲಿ ಅದು ಮೂಡಬೇಕಷ್ಟೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವರ್ಸ್‌ಲಿ ಎಂಬ ಸ್ವಯಂಸೇವಕರಿಂದ ಇಂಥ ಸಂಕೇತವನ್ನು ದಾಖಲಿಸಿಕೊಂಡರು. ಕೆಲವು ವರ್ಷಗಳ ನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಅದನ್ನೇ ಸ್ವತಂತ್ರವಾಗಿ ತೋರಿಸಿ, 1981ರಲ್ಲಿ ಪ್ರಕಟಿಸಿದರು.

2021ರಲ್ಲಿ ವಿಷಯ ಇನ್ನೂ ಮುಂದೆ ಹೋಯಿತು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಸೇರಿ ನಡೆಸಿದ ಅಧ್ಯಯನದಲ್ಲಿ, ನಿದ್ರೆಯಲ್ಲಿದ್ದವರಿಗೆ ‘ಎಂಟರಲ್ಲಿ ಆರು ಕಳೆದರೆ ಎಷ್ಟು?’ ಎಂಬಂಥ ಸಣ್ಣ ಲೆಕ್ಕ ಕೇಳಲಾಯಿತು, ಕೆಲವರು ಕಣ್ಣು ಹೊರಳಿಸಿ ಸರಿಯುತ್ತರ ಕೊಟ್ಟರು. ಎಲ್ಲರೂ ಅಲ್ಲ, ಪ್ರತಿ ಸಲವೂ ಅಲ್ಲ. ಆದರೂ ‘ಇದೆಲ್ಲ ಎದ್ದ ಮೇಲೆ ಕಟ್ಟಿದ ಕಥೆ’ ಎಂಬ ವಾದಕ್ಕೆ ಈಗ ಜಾಗವಿಲ್ಲ.

ಇದು ಎಲ್ಲರಿಗೂ ಸಾಧ್ಯವೇ?

ಐವತ್ತು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರ ಪ್ರಕಾರ ಸುಮಾರು ಶೇ 55 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ, ಶೇ 23ರಷ್ಟು ಜನರಿಗೆ ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚು. ಅಂದರೆ ಅಪರೂಪದ ಸಿದ್ಧಿಯೇನಲ್ಲ. ನಿಮಗೂ ಬಾಲ್ಯದಲ್ಲಿ, ಬೆನ್ನಟ್ಟಿ ಬರುತ್ತಿದ್ದ ಯಾವುದೋ ಪ್ರಾಣಿಯ ಎದುರು ನಿಂತು ‘ಅಯ್ಯೋ, ಇದು ಕನಸು’ ಎಂದು ಹೊಳೆದು ಎಚ್ಚರವಾಗಿರಬಹುದು. ಲೆಕ್ಕಕ್ಕೆ ಅದೂ ಸೇರುತ್ತದೆ.

ನನಗೆ ಕನಸೇ ಬೀಳುವುದಿಲ್ಲ. ನಾನೇನು ಮಾಡಲಿ?

ಬೀಳುತ್ತದೆ, ನೆನಪಿರುವುದಿಲ್ಲ. ವಯಸ್ಕರ ನಿದ್ರೆಯಲ್ಲಿ ಐದನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ರೆಮ್ ನಿದ್ರೆಯೇ ಇರುತ್ತದೆ. ಆ ಹೊತ್ತಿನಲ್ಲಿ ಮೆದುಳಿನ ನಾರ್‌ಅಡ್ರಿನಲಿನ್ ಮಟ್ಟ ತೀರ ಇಳಿದಿರುತ್ತದೆ. ಎಚ್ಚರದಲ್ಲಿ ನಡೆದದ್ದನ್ನು ಮನಸ್ಸಿನಲ್ಲಿ ಊರಿಸಲು ನೆರವಾಗುವ ರಾಸಾಯನಿಕಗಳಲ್ಲಿ ಇದೂ ಒಂದು. ಕನಸು ಅಷ್ಟು ಬೇಗ ಜಾರಿಹೋಗಲು ಇದೊಂದು ಕಾರಣ.

ಮೊದಲ ಕೆಲವು ವಾರ ನೆನಪಿನ ಅಭ್ಯಾಸವೊಂದೇ ಸಾಕು, ಬೇರೆ ಯಾವ ತಂತ್ರಕ್ಕೂ ಹೋಗಬೇಡಿ. ಇದನ್ನು ಹೇಳಿದರೆ ಹೊಸಬರಿಗೆ ನಿರಾಸೆಯಾಗುತ್ತದೆ. ಆದರೆ ಯೋಚಿಸಿ: ನಿನ್ನೆ ರಾತ್ರಿಯೇ ನಿಮಗೆ ಲೂಸಿಡ್ ಕನಸು ಬಿದ್ದು, ಬೆಳಿಗ್ಗೆ ಅದರ ಸುಳಿವೇ ಇಲ್ಲದಿದ್ದರೆ ಏನು ಪ್ರಯೋಜನ?

ಮಾಡಬೇಕಾದದ್ದು ಇಷ್ಟು. ಮಲಗುವಾಗ ‘ಕನಸನ್ನು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಅಂದುಕೊಳ್ಳಿ. ಎಚ್ಚರವಾದಾಗ ಮಗ್ಗುಲು ಬದಲಿಸಬೇಡಿ, ಕಣ್ಣು ತೆರೆಯಬೇಡಿ, ಮೊಬೈಲಿನ ಕಡೆಗಂತೂ ಕೈ ಚಾಚಲೇಬೇಡಿ. ಕೊನೆಯ ದೃಶ್ಯವೋ ಯಾರದ್ದೋ ಮುಖವೋ ಒಂದು ಕಸಿವಿಸಿಯೋ, ಸಿಕ್ಕ ಎಳೆಯನ್ನು ಹಿಡಿದು ‘ಇದಕ್ಕೆ ಮುಂಚೆ ಎಲ್ಲಿದ್ದೆ?’ ಎಂದು ಹಿಂದಕ್ಕೆ ಹೋಗಿ. ಏನೂ ಸಿಗದಿದ್ದರೆ ಇನ್ನೊಂದು ಮಗ್ಗುಲಿಗೆ ಹೊರಳಿ ಮತ್ತೆ ಒಂದು ನಿಮಿಷ ಕಾಯಿರಿ. ಆಮೇಲೆ ಬರೆಯಿರಿ.

ನಮ್ಮ ಮನೆಗಳ ಬೆಳಗು ಇದಕ್ಕೆ ಅನುಕೂಲವಾಗಿರುವುದಿಲ್ಲ, ನಿಜ. ಗುಡಿಯ ಧ್ವನಿವರ್ಧಕದ ಸುಪ್ರಭಾತ, ಕುಕ್ಕರ್ ಸೀಟಿ, ‘ನೀರು ಬಂತು, ಏಳು’ ಎಂಬ ಕೂಗು, ಇವುಗಳಲ್ಲಿ ಯಾವುದಾದರೂ ಒಂದು ಕನಸನ್ನು ಅರೆಕ್ಷಣದಲ್ಲಿ ಅಳಿಸಿಬಿಡುತ್ತದೆ. ಹಾಗಾಗಿ ರಜೆಯ ದಿನಗಳಿಂದ ಆರಂಭಿಸುವುದು ಒಳ್ಳೆಯದು.

ಕನಸಿನ ಡೈರಿಯಲ್ಲಿ ಏನು ಬರೆಯಬೇಕು?

ಸಾಹಿತ್ಯ ಬೇಡ. ಜಾಗ, ಜನ, ನಡೆದದ್ದು, ಮನಸ್ಸಿಗೆ ಹೇಗಿತ್ತು ಎಂಬಷ್ಟು ಸಾಕು, ತುಂಡು ವಾಕ್ಯಗಳಲ್ಲೇ. ಕೆಲವು ವಾರ ಕಳೆದ ಮೇಲೆ ಹಿಂದಿನ ಪುಟಗಳನ್ನು ತಿರುವಿ, ಮತ್ತೆ ಮತ್ತೆ ಬರುವುದರ ಕೆಳಗೆ ಗೆರೆ ಎಳೆಯಿರಿ. ಇವೇ ನಿಮ್ಮ ಕನಸಿನ ಗುರುತುಗಳು.

ನನ್ನ ಪುಟಗಳಲ್ಲಿ ಗಣಿತದ ಪರೀಕ್ಷೆಗೆ ಬಿಡುವೇ ಇಲ್ಲ. ಓದು ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಪಿಯುಸಿ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ, ಒಂದಕ್ಷರವೂ ಓದಿರುವುದಿಲ್ಲ. ಗೆಳೆಯರನ್ನು ಕೇಳಿದರೆ ದೇವಸ್ಥಾನದ ಹೊರಗೆ ಚಪ್ಪಲಿ ಕಳೆದುಹೋಗುವುದು, ಕೊನೆಯ ಬಸ್ಸು ಕಣ್ಣೆದುರೇ ಹೊರಟುಬಿಡುವುದು, ಮಾರಿಹೋದ ಹಳೆಯ ಮನೆಯ ಜಗಲಿ, ಹಲ್ಲು ಉದುರುವುದು. ಹಲ್ಲು ಉದುರಿದರೆ ಮನೆಯ ಹಿರಿಯರಿಗೆ ಆಗದು ಎಂದು ಹೆದರಿಸುವವರು ಇದ್ದಾರೆ. ಈ ಅಭ್ಯಾಸದಲ್ಲಿರುವವರಿಗೆ ಮಾತ್ರ ಉದುರಿದ ಹಲ್ಲು ಲಾಭ, ‘ಇದು ಕನಸು’ ಎಂದು ಸಾರಿ ಹೇಳುವ ಗುರುತು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎನ್ನುತ್ತಾರೆ. ಆ ಹೊತ್ತಿಗೆ ಏನಾದರೂ ವಿಶೇಷವಿದೆಯೇ?

ನಿಜವಾಗುವ ಮಾತು ಬಿಡಿ. ಆ ಹೊತ್ತಿಗೆ ವಿಶೇಷವಂತೂ ಇದೆ. ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆಯದೇ ಆಳ್ವಿಕೆ, ರೆಮ್ ಕೆಲವೇ ನಿಮಿಷ. ರಾತ್ರಿ ಸರಿದಂತೆ ಗಾಢ ನಿದ್ರೆ ಕರಗಿ ರೆಮ್ ಉದ್ದವಾಗುತ್ತದೆ, ಕೊನೆಯ ಸುತ್ತಿನಲ್ಲಿ ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಇರಬಹುದು. ಬೆಳಗಿನ ಜಾವದ ಕನಸು ಉದ್ದವಾಗಿರುವುದಕ್ಕೂ, ಅದರ ಬೆನ್ನಿಗೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುವುದಕ್ಕೂ ಇದೇ ಕಾರಣ. ಹಳಬರ ಮಾತಿನ ಹಿಂದೆ ಇಷ್ಟು ಗಮನಿಕೆ ಇದ್ದಿರಬಹುದು.

ಇದರಿಂದ ಹೊಸಬರಿಗೆ ಒಂದು ಕಹಿ ಲೆಕ್ಕವೂ ಹೊರಡುತ್ತದೆ. ಎಂಟು ಗಂಟೆ ಮಲಗಬೇಕಾದವರು ಆರೇ ಗಂಟೆ ಮಲಗಿ ಎದ್ದುಬಿಟ್ಟರೆ ನಿದ್ರೆಯಲ್ಲಿ ಹೋದದ್ದು ಕಾಲು ಭಾಗ, ರೆಮ್‌ನ ಪಾಲಿನಲ್ಲಿ ಹೋದದ್ದು ಅದಕ್ಕಿಂತ ಬಹಳ ಹೆಚ್ಚು. ನಡುರಾತ್ರಿಯವರೆಗೆ ವಿಡಿಯೊ ನೋಡಿ ಬ್ರಾಹ್ಮೀ ಮುಹೂರ್ತಕ್ಕೆ ಅಲಾರಂ ಇಡುವವರು ಯಾವ ತಂತ್ರ ಹಿಡಿದರೂ ಫಲ ಕಾಣುವುದು ಕಷ್ಟ. ಬೇಗ ಏಳಲೇಬೇಕಾದವರು ಬೇಗ ಮಲಗಬೇಕು. ಮದ್ಯವೂ ರಾತ್ರಿಯ ಮೊದಲರ್ಧದ ರೆಮ್ ಅನ್ನು ಅದುಮುತ್ತದೆ.

ದಿನವಿಡೀ ಕೈ ನೋಡಿಕೊಳ್ಳಬೇಕು, ಮೂಗು ಮುಚ್ಚಿಕೊಳ್ಳಬೇಕು ಎನ್ನುತ್ತಾರಲ್ಲ?

ಇವನ್ನು ವಾಸ್ತವ ಪರೀಕ್ಷೆಗಳು ಎನ್ನುತ್ತಾರೆ. ಎಚ್ಚರವಾಗಿರುವಾಗ ರೂಢಿಯಾದದ್ದು ಕನಸಿನಲ್ಲೂ ತಾನಾಗಿ ಬರುತ್ತದೆ, ಆಗ ಗುಟ್ಟು ರಟ್ಟಾಗುತ್ತದೆ ಎಂಬ ಎಣಿಕೆ. ಹಗಲಿನಲ್ಲಿ ಹಲವು ಸಲ ‘ನಾನೀಗ ಎಚ್ಚರವಾಗಿದ್ದೇನೆಯೇ?’ ಎಂದು ಗಂಭೀರವಾಗಿ ಕೇಳಿಕೊಳ್ಳಬೇಕೆಂದು ಜರ್ಮನಿಯ ಮನೋವಿಜ್ಞಾನಿ ಪೌಲ್ ಟೋಲೈ ಹೇಳುತ್ತಿದ್ದರು. ಇಲ್ಲಿ ‘ಗಂಭೀರವಾಗಿ’ ಎಂಬುದೇ ಮುಖ್ಯ. ಅನುಮಾನವೇ ಇಲ್ಲದೆ ಬೆರಳು ಎಣಿಸಿದವನು ಕನಸಿನಲ್ಲಿ ಏಳು ಬೆರಳು ಕಂಡರೂ ‘ಸರಿಯಾಗಿದೆ’ ಎಂದುಕೊಂಡು ಮುಂದೆ ನಡೆಯುತ್ತಾನೆ.

ನಾನು ಒಪ್ಪುವ ಪರೀಕ್ಷೆಗಳು ಎರಡು. ಮೂಗನ್ನು ಎರಡು ಬೆರಳಲ್ಲಿ ಮುಚ್ಚಿ, ಬಾಯಿಯನ್ನೂ ಮುಚ್ಚಿ, ಉಸಿರೆಳೆಯಲು ನೋಡಿ: ಕನಸಿನಲ್ಲಾದರೆ ಸಾಮಾನ್ಯವಾಗಿ ಉಸಿರು ಸರಾಗವಾಗಿ ಬರುತ್ತದೆ. ಇನ್ನೊಂದು, ಬರಹವನ್ನು ಎರಡು ಬಾರಿ ಓದುವುದು. ಬಸ್ಸಿನ ಬೋರ್ಡಿನಲ್ಲಿ ‘ಶಿವಮೊಗ್ಗ’ ಎಂದಿದ್ದದ್ದು, ದೃಷ್ಟಿ ತಿರುಗಿಸಿ ಮತ್ತೆ ನೋಡಿದಾಗ ಇನ್ನೇನೋ ಆಗಿದ್ದರೆ ನೀವು ಹಾಸಿಗೆಯಲ್ಲೇ ಇದ್ದೀರಿ. ವಿದೇಶಿ ಪುಸ್ತಕಗಳಲ್ಲಿ ದೀಪದ ಸ್ವಿಚ್ ಒತ್ತಿ ನೋಡಿ ಎಂಬ ಸಲಹೆಯೂ ಇರುತ್ತದೆ, ಕನಸಿನಲ್ಲಿ ದೀಪ ಹತ್ತುವುದಿಲ್ಲವಂತೆ. ನಮ್ಮಲ್ಲಿ ಎಚ್ಚರದಲ್ಲೂ ಎಷ್ಟೋ ಸಲ ಹತ್ತುವುದಿಲ್ಲವಾದ್ದರಿಂದ ಅದನ್ನು ಕೈಬಿಡಿ.

ಇವುಗಳನ್ನೇ ನಂಬಿ ಕೂರಬೇಡಿ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್ಹಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಸ್ತವ ಪರೀಕ್ಷೆಯನ್ನಷ್ಟೇ ಒಂದು ವಾರ ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ.

ಹಾಗಾದರೆ ಕೆಲಸ ಮಾಡುವ ವಿಧಾನ ಯಾವುದು?

ನೆನಪಿನ ಶಕ್ತಿಯನ್ನು ಬಳಸಿಕೊಂಡು ಲಬರ್ಜ್ ರೂಪಿಸಿದ ಮೈಲ್ಡ್ (MILD) ವಿಧಾನ, ಅದೂ ನಡುವೆ ಎದ್ದು ಮತ್ತೆ ಮಲಗುವುದರ ಜೊತೆಗೆ ಸೇರಿದಾಗ. ಆಸ್ಪಿಯವರ ಅದೇ ಅಧ್ಯಯನದಲ್ಲಿ ವಾಸ್ತವ ಪರೀಕ್ಷೆ, ಎದ್ದು ಮಲಗುವುದು, ಮೈಲ್ಡ್ ಮೂರನ್ನೂ ಸೇರಿಸಿ ಮಾಡಿದವರಿಗೆ ಒಂದು ವಾರದಲ್ಲಿ ಶೇ 17ರಷ್ಟು ಯಶಸ್ಸು ಸಿಕ್ಕಿತು. ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ನಿದ್ರೆಗೆ ಜಾರಿದವರಲ್ಲಿ ಇದು ಸುಮಾರು ಶೇ 46ಕ್ಕೆ ಏರಿತು. ಬೇಗ ನಿದ್ರೆ ಹತ್ತುವುದೇ ಇಲ್ಲಿ ನಿರ್ಣಾಯಕ.

ಮೈಲ್ಡ್ ಎಂದರೆ ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಟ್ಟುಕೊಳ್ಳುವ ನಮ್ಮ ಶಕ್ತಿಯ ಬಳಕೆ. ಪೇಟೆಯಲ್ಲಿ ಗ್ರಂದಿಗೆ ಅಂಗಡಿ ಕಂಡ ಕೂಡಲೇ ‘ಇಂಗು ತರಬೇಕಿತ್ತು’ ಎಂದು ಹೊಳೆಯುತ್ತದಲ್ಲ, ಹಾಗೆಯೇ ಕನಸಿನ ಗುರುತು ಕಂಡ ಕೂಡಲೇ ‘ಇದು ಕನಸು’ ಎಂದು ಹೊಳೆಯುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು.

ಹೀಗೆ ಮಾಡಿ. ಮಲಗಿ ಸುಮಾರು ಐದು ಗಂಟೆಯ ನಂತರ ಎಚ್ಚರವಾಗಲಿ. ಆಗ ಕಂಡ ಕನಸನ್ನು ನೆನಪಿಸಿಕೊಳ್ಳಿ. ಹಾಸಿಗೆಯಲ್ಲಿ ಮಲಗಿ, ‘ಮುಂದಿನ ಸಲ ಕನಸು ಕಾಣುವಾಗ, ಅದು ಕನಸು ಎಂಬುದು ನೆನಪಾಗುತ್ತದೆ’ ಎಂದು ಹೇಳಿಕೊಳ್ಳಿ. ಬಾಯಿಪಾಠ ಒಪ್ಪಿಸಿದಂತೆ ಬೇಡ, ಅರ್ಥವಿಟ್ಟು ಹೇಳಿ. ಜೊತೆಗೆ ಈಗಷ್ಟೇ ಕಂಡ ಕನಸಿಗೆ ಮನಸ್ಸಿನಲ್ಲೇ ಮರಳಿ, ಅದರಲ್ಲಿದ್ದ ವಿಚಿತ್ರವೊಂದನ್ನು ಗುರುತಿಸಿ, ಅಲ್ಲಿ ನಿಮಗೆ ಅರಿವು ಬಂದಂತೆ ಕಲ್ಪಿಸಿಕೊಳ್ಳಿ. ಪ್ರಶ್ನೆಪತ್ರಿಕೆ ಹಿಡಿದು ಬೆವರುತ್ತಿದ್ದಿರಿ ಅಲ್ಲವೇ? ಈ ಸಲ ಅದನ್ನು ಮಡಚಿಟ್ಟು, ‘ನಾನು ಪಾಸಾಗಿ ಎಷ್ಟು ಕಾಲವಾಯಿತು, ಇದು ಕನಸು’ ಎಂದು ಎದ್ದು ಹೊರಗೆ ನಡೆಯಿರಿ. ನಿದ್ರೆ ಬರುವವರೆಗೆ ಇದನ್ನೇ ತಿರುಗಿಸುತ್ತಿರಿ.

ನಡುರಾತ್ರಿ ಅಲಾರಂ ಇಟ್ಟರೆ ಮನೆಯವರೆಲ್ಲ ಏಳುತ್ತಾರೆ. ಬೇರೆ ದಾರಿಯಿಲ್ಲವೇ?

ಇದೆ. ಮಲಗುವ ಮುನ್ನ ಒಂದು ಲೋಟ ನೀರು ಹೆಚ್ಚಿಗೆ ಕುಡಿದರೆ ದೇಹವೇ ಎಬ್ಬಿಸುತ್ತದೆ. ಕೈಗಡಿಯಾರದ ಕಂಪನವೂ ಆದೀತು. ಎದ್ದ ಮೇಲೆ ಎಷ್ಟು ಹೊತ್ತು ಎಚ್ಚರವಿರಬೇಕೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಬೇಗ ನಿದ್ರೆ ಹತ್ತುವವರು ಅರ್ಧ ಗಂಟೆ ಕೂತು ಡೈರಿ ಓದಬಹುದು, ನಿದ್ರೆಗೆ ಪರದಾಡುವವರಿಗೆ ಐದು ನಿಮಿಷವೇ ಹೆಚ್ಚು. ದೊಡ್ಡ ದೀಪ ಹಾಕಬೇಡಿ, ಸುದ್ದಿ ನೋಡಬೇಡಿ. ಮಾರನೆಯ ದಿನ ಕೆಲಸವಿದ್ದರೆ ಈ ಪ್ರಯೋಗವೇ ಬೇಡ, ವಾರಕ್ಕೆ ಒಂದೆರಡು ಸಲ ಸಾಕು. ನಿದ್ರೆಯನ್ನೇ ಒತ್ತೆಯಿಟ್ಟು ಕನಸು ಕೊಳ್ಳುವುದು ನಷ್ಟದ ವ್ಯಾಪಾರ.

ಕನಸು ಎಂದು ತಿಳಿದ ತಕ್ಷಣ ಎಚ್ಚರವಾಗಿಬಿಡುತ್ತದೆ. ಏಕೆ?

ಸಂಭ್ರಮದಿಂದ. ಮೊದಲ ಸಲ ಎಲ್ಲರಿಗೂ ಹೀಗೇ. ಅರಿವು ಬಂದ ಕೂಡಲೇ ಹಾರಲು ಹೋಗಬೇಡಿ. ಕನಸಿನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ಗೋಡೆ ಮುಟ್ಟಿ ಅದರ ಒರಟನ್ನು ಗಮನಿಸಿ, ನೆಲ ನೋಡಿ. ದೃಶ್ಯ ಮಸುಕಾಗತೊಡಗಿದರೆ ನಿಂತಲ್ಲೇ ಗಿರಗಿರನೆ ಸುತ್ತುವುದು ಲಬರ್ಜ್ ಸೂಚಿಸಿದ ಉಪಾಯ. ಒಂದೇ ವಸ್ತುವನ್ನು ದಿಟ್ಟಿಸಿ ನೋಡುತ್ತ ನಿಂತರೆ ಕನಸು ಕರಗುತ್ತದೆ ಎಂದು ಹಲವರು ಹೇಳುತ್ತಾರೆ.

ಎಚ್ಚರವಾಯಿತು ಎಂದುಕೊಂಡಾಗಲೂ ಒಮ್ಮೆ ಮೂಗು ಮುಚ್ಚಿ ನೋಡಿ. ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಡೈರಿಯಲ್ಲಿ ಕನಸನ್ನು ಸೊಗಸಾಗಿ ಬರೆದು ಮುಗಿಸಿದ ಮೇಲೆ ನಿಜವಾಗಿ ಎಚ್ಚರವಾಗುವುದುಂಟು. ಈ ಸುಳ್ಳು ಎಚ್ಚರ ಅಭ್ಯಾಸಿಗಳಿಗೆ ಬಹಳ ಪರಿಚಿತ, ಬರೆದದ್ದನ್ನೆಲ್ಲ ಮತ್ತೆ ಬರೆಯಬೇಕಲ್ಲ ಎಂಬ ಬೇಸರವೂ.

ಹಾರಬಹುದೇ? ತೀರಿಹೋದವರನ್ನು ಭೇಟಿಯಾಗಬಹುದೇ?

ಹಾರುವುದನ್ನೇ ಬಹಳ ಜನ ಮೊದಲು ಪ್ರಯತ್ನಿಸುತ್ತಾರೆ, ಬಹಳ ಜನರಿಗೆ ಸಿದ್ಧಿಸುವುದೂ ಅದೇ. ಕನಸು ನಮ್ಮ ಆಜ್ಞೆಗಿಂತ ನಮ್ಮ ನಿರೀಕ್ಷೆಯನ್ನು ಹೆಚ್ಚು ಪಾಲಿಸುತ್ತದೆ. ‘ಬೀಳುತ್ತೇನೇನೋ’ ಎಂದುಕೊಂಡರೆ ಬೀಳುತ್ತೀರಿ. ಯಾರನ್ನಾದರೂ ಕಾಣಬೇಕಿದ್ದರೆ ‘ಎದುರಿಗೆ ಬಾ’ ಎಂದು ಒತ್ತಾಯಿಸುವುದಕ್ಕಿಂತ, ಆ ಬಾಗಿಲ ಆಚೆ ಅವರಿದ್ದಾರೆ ಎಂದು ನಂಬಿ ಬಾಗಿಲು ತೆರೆಯುವುದು ಫಲ ಕೊಡುತ್ತದೆ. ಅಲ್ಲಿ ಕಾಣುವ ಅಜ್ಜ ನಿಮ್ಮ ನೆನಪಿನ ಅಜ್ಜ, ಗಂಟಿನ ಜಾಗ ಕೇಳಿ ಪ್ರಯೋಜನವಿಲ್ಲ. ಅಗಲಿಕೆಯ ನೋವು ಇನ್ನೂ ಹಸಿಯಾಗಿರುವವರು ಈ ಭೇಟಿಯನ್ನು ಬೆನ್ನಟ್ಟದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಳುವಾಗ ಮತ್ತೆ ಕಳೆದುಕೊಳ್ಳಬೇಕಾಗುತ್ತದೆ.

ಸ್ವಲ್ಪ ಪ್ರಾಯೋಗಿಕ ಉಪಯೋಗವೂ ಇದೆ. ನಾಣ್ಯವನ್ನು ಬಟ್ಟಲಿಗೆ ಗುರಿಯಿಟ್ಟು ಎಸೆಯುವುದನ್ನು ಲೂಸಿಡ್ ಕನಸಿನಲ್ಲಿ ಅಭ್ಯಾಸ ಮಾಡಿದವರ ಗುರಿ ಬೆಳಿಗ್ಗೆ ಸುಧಾರಿಸಿತ್ತು ಎಂದು 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿದೆ.

ಎಚ್ಚರವಾದರೂ ಕೈಕಾಲು ಅಲುಗಲಿಲ್ಲ, ಎದೆಯ ಮೇಲೆ ಯಾರೋ ಕುಳಿತಂತಿತ್ತು. ಇದು ಈ ಅಭ್ಯಾಸದ ಫಲವೇ?

ಇದು ನಿದ್ರಾ ಪಾರ್ಶ್ವವಾಯು. ಹೆಸರು ಕೇಳಿ ಹೆದರಬೇಡಿ, ನಿಜವಾದ ಪಾರ್ಶ್ವವಾಯುವಿಗೂ ಇದಕ್ಕೂ ಸಂಬಂಧವಿಲ್ಲ. ರೆಮ್ ನಿದ್ರೆಯಲ್ಲಿ ಸ್ನಾಯುಗಳಿಗೆ ಬೀಳುವ ತಡೆ, ಮನಸ್ಸು ಎಚ್ಚರಗೊಂಡ ಮೇಲೂ ಕೆಲವು ಕ್ಷಣ ಉಳಿದುಬಿಡುತ್ತದೆ. ಕನಸಿನ ತುಣುಕುಗಳೂ ಜೊತೆಗೆ ಉಳಿಯುವುದರಿಂದ ಕೋಣೆಯಲ್ಲಿ ಯಾರೋ ಇದ್ದಂತೆ, ಎದೆ ಅದುಮಿದಂತೆ ಅನಿಸುತ್ತದೆ. ದೆವ್ವ ಮೆಟ್ಟಿತು ಎಂದು ಎಷ್ಟೋ ಊರುಗಳಲ್ಲಿ ಹೇಳುವುದು ಇದನ್ನೇ ಇರಬೇಕು. ಉಸಿರು ನಿಂತಿರುವುದಿಲ್ಲ, ನಿಂತಂತೆ ಅನಿಸುತ್ತದೆ ಅಷ್ಟೆ. ಗುದ್ದಾಡಬೇಡಿ. ಉಸಿರನ್ನು ಗಮನಿಸುತ್ತ ಕಾಲಿನ ಹೆಬ್ಬೆರಳನ್ನು ಅಲುಗಿಸಲು ನೋಡಿ, ತಾನಾಗಿ ಬಿಡುತ್ತದೆ.

ನಿದ್ರೆಗೆಟ್ಟವರಲ್ಲಿ, ಹೊತ್ತುಗೊತ್ತಿಲ್ಲದೆ ಮಲಗುವವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ರಾತ್ರಿಯ ನಿದ್ರೆಯನ್ನು ಪದೇ ಪದೇ ಮುರಿಯುವ ಅಭ್ಯಾಸದಿಂದಲೂ ಬರಬಹುದು. ಹಾಗಾದರೆ ಅಭ್ಯಾಸ ನಿಲ್ಲಿಸಿ. ಪದೇ ಪದೇ ಆಗುತ್ತಿದ್ದು ಹಗಲಿನಲ್ಲೂ ತಡೆಯಲಾಗದ ನಿದ್ರೆ ಬರುತ್ತಿದ್ದರೆ ವೈದ್ಯರನ್ನು ಕಾಣಿರಿ.

ಮಾತ್ರೆಗಳಿವೆಯಂತೆ?

ಗ್ಯಾಲಂಟಮೈನ್ ಎಂಬ ಮಾತ್ರೆಯನ್ನು 121 ಜನರಿಗೆ ಕೊಟ್ಟು ನೋಡಿದ 2018ರ ಅಧ್ಯಯನದಲ್ಲಿ 8 ಮಿಲಿಗ್ರಾಂ ತೆಗೆದುಕೊಂಡ ರಾತ್ರಿ ಶೇ 42 ಜನರಿಗೆ ಲೂಸಿಡ್ ಕನಸು ಬಿತ್ತು, ಹುಸಿ ಮಾತ್ರೆಯ ರಾತ್ರಿ ಶೇ 14 ಜನರಿಗೆ. ಅವರೂ ನಡುವೆ ಎದ್ದು ಮೈಲ್ಡ್ ಮಾಡುತ್ತಿದ್ದವರೇ. ಆದರೆ ಅದು ಆಲ್ಝೈಮರ್ ಕಾಯಿಲೆಗೆ ವೈದ್ಯರು ಬರೆದುಕೊಡುವ ಔಷಧ. ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲದು, ವಾಕರಿಕೆ ತರಬಲ್ಲದು. ಕನಸಿನ ಚಪಲಕ್ಕೆ ಅದನ್ನು ನುಂಗುವುದು ಹುಚ್ಚುತನ. ಬಿ6 ವಿಟಮಿನ್‌ನಿಂದ ಕನಸು ಹೆಚ್ಚು ನೆನಪಿರುತ್ತದೆ ಎಂಬ ಫಲಿತಾಂಶವೂ ಇದೆ, ಆದರೆ ದೊಡ್ಡ ಪ್ರಮಾಣದಲ್ಲಿ ಬಹಳ ಕಾಲ ತೆಗೆದುಕೊಂಡರೆ ನರಗಳಿಗೆ ಹಾನಿ. ಆಪ್‌ಗಳು? ಡೈರಿ ಬರೆಯಲು ಸರಿ, ಮಿಕ್ಕದ್ದಕ್ಕೆ ದುಡ್ಡು ಕೊಡಬೇಡಿ.

ಯಾರು ಇದರಿಂದ ದೂರವಿರಬೇಕು?

ಸೈಕೋಸಿಸ್‌ನಂಥ (ವಾಸ್ತವದ ಅರಿವು ತಪ್ಪುವ) ತೊಂದರೆ ಇರುವವರು ಅಥವಾ ಹಿಂದೆ ಇದ್ದವರು, ಕನಸಿಗೂ ವಾಸ್ತವಕ್ಕೂ ಗೆರೆ ಈಗಾಗಲೇ ಅಲುಗುತ್ತಿರುವವರು. ನಿದ್ರಾಹೀನತೆ ಇರುವವರು ಮೊದಲು ನಿದ್ರೆ ಸರಿಪಡಿಸಿಕೊಳ್ಳಬೇಕು. ಆಘಾತದ ನಂತರದ ದುಃಸ್ವಪ್ನಗಳಿಂದ ನರಳುವವರು ಒಬ್ಬರೇ ಪ್ರಯೋಗಕ್ಕಿಳಿಯದೆ ಮನೋವೈದ್ಯರ ಬಳಿಗೆ ಹೋಗಲಿ. ದುಃಸ್ವಪ್ನದ ಕಥೆಯನ್ನು ಹಗಲಿನಲ್ಲಿ ಬದಲಿಸಿ ಬರೆದು ಮನನ ಮಾಡುವ ಚಿಕಿತ್ಸೆಯೊಂದಿದೆ, ಅದಕ್ಕೆ ಲೂಸಿಡ್ ಕನಸಿನ ಹಂಗಿಲ್ಲ.

ಉಪನಿಷತ್ತುಗಳಲ್ಲಿ ಇದೆಲ್ಲ ಮೊದಲೇ ಇತ್ತಲ್ಲವೇ? ಯೋಗನಿದ್ರೆಯೂ ಇದೇ ತಾನೇ?

ಕನಸಿನ ಬಗ್ಗೆ ಅಲ್ಲಿ ಆಳವಾದ ಚಿಂತನೆ ಇದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಹೇಳುತ್ತಾನೆ: ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಕನಸು ಕಾಣುವವನೇ ರಥವನ್ನೂ ಕುದುರೆಯನ್ನೂ ದಾರಿಯನ್ನೂ ಸೃಷ್ಟಿಸಿಕೊಳ್ಳುತ್ತಾನೆ. ಮಾಂಡೂಕ್ಯ ಎಚ್ಚರ, ಕನಸು, ಗಾಢ ನಿದ್ರೆಗಳನ್ನು ದಾಟಿದ ನಾಲ್ಕನೆಯದರ ಮಾತಾಡುತ್ತದೆ. ಆದರೆ ಇವು ಆತ್ಮದ ವಿಚಾರಕ್ಕೆ ಬಂದ ಮಾತುಗಳು. ಕನಸಿನಲ್ಲಿ ಹಾರುವ ವಿಧಾನವನ್ನು ಅಲ್ಲಿ ಹುಡುಕುವುದು ಎರಡಕ್ಕೂ ಮಾಡುವ ಅನ್ಯಾಯ. ಯೋಗನಿದ್ರೆ ಮಲಗಿಕೊಂಡು ಎಚ್ಚರದಿಂದ ಮಾಡುವ ವಿಶ್ರಾಂತಿ, ಕನಸಿನೊಳಗಿನ ಅಭ್ಯಾಸವಲ್ಲ.

ಕನಸಿನೊಳಗೆ ಎಚ್ಚರವಿರುವುದನ್ನೇ ಸಾಧನೆಯಾಗಿ ಬೆಳೆಸಿದವರು ಟಿಬೆಟಿನ ಬೌದ್ಧರು. ನಾರೋಪ ಎಂಬ ಬೌದ್ಧ ಗುರುವಿನ ಆರು ಯೋಗಗಳಲ್ಲಿ ಕನಸಿನ ಯೋಗವೂ ಒಂದು, ಅವರ ಭಾಷೆಯಲ್ಲಿ ಮಿಲಮ್. ಬೈಲಕುಪ್ಪೆಯ ಚಿನ್ನದ ದೇಗುಲ ನೋಡಿ ಬರುವ ನಮ್ಮವರಿಗೆ ಆ ಪರಂಪರೆ ಇಷ್ಟು ಹತ್ತಿರದಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಗುರುವಿನ ಬಳಿ, ಪೂರ್ವಸಿದ್ಧತೆಯ ನಂತರ ಕಲಿಯುವ ವಿದ್ಯೆ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಪಶ್ಯನ ಧ್ಯಾನಿಗಳ ನಿದ್ರೆಯನ್ನು ಅಳೆದ ಅಧ್ಯಯನಗಳು ನಡೆದಿವೆ, ಅವರಲ್ಲಿ ವಯಸ್ಸಾದರೂ ಗಾಢ ನಿದ್ರೆ ಚೆನ್ನಾಗಿ ಉಳಿದಿದ್ದದ್ದು ಕಂಡುಬಂದಿದೆ. ಅವು ಲೂಸಿಡ್ ಕನಸಿನ ಅಧ್ಯಯನಗಳಲ್ಲ. ಆದರೂ ಎರಡನ್ನೂ ಬೆರೆಸಿ ಹೇಳುವವರು ಇದ್ದಾರೆ.

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು?

ಹಗಲು ನಿದ್ರೆಯ ಕೊನೆಯ ಭಾಗದಲ್ಲಿ ಪ್ರಯತ್ನಿಸಬಹುದು. ಪಾಳಿ ವಾರವಾರವೂ ಬದಲಾಗುತ್ತಿದ್ದರೆ ಡೈರಿಗಷ್ಟೇ ನಿಲ್ಲಿಸಿ.

ಮೊದಲ ಲೂಸಿಡ್ ಕನಸಿಗೆ ಎಷ್ಟು ದಿನ ಬೇಕು?

ಮೊದಲ ವಾರದಲ್ಲೇ ಕಂಡವರಿದ್ದಾರೆ, ತಿಂಗಳುಗಟ್ಟಲೆ ಕಾದವರಿದ್ದಾರೆ. ಮೊದಲನೆಯದು ಕೆಲವೇ ಕ್ಷಣ ಇರುತ್ತದೆ ಎಂದು ಎಣಿಸಿಕೊಂಡರೆ ನಿರಾಸೆಯಿಲ್ಲ. ದಿನ ಎಣಿಸುವ ಬದಲು ಡೈರಿಯ ಪುಟ ನೋಡಿ: ವಾರದಲ್ಲಿ ಹಲವು ಕನಸುಗಳು ನೆನಪಿರುತ್ತಿದ್ದರೆ, ಅವುಗಳಲ್ಲಿ ‘ಇದೇನು ವಿಚಿತ್ರ’ ಎಂದು ನೀವೇ ಅನುಮಾನಪಟ್ಟ ಕ್ಷಣಗಳು ಬರತೊಡಗಿದ್ದರೆ ದಾರಿ ಸರಿಯಿದೆ.

ಡೈರಿಯನ್ನು ಮನೆಯವರು ಓದಿಬಿಟ್ಟರೆ?

ಓದುತ್ತಾರೆ ಎಂದೇ ಇಟ್ಟುಕೊಳ್ಳಿ. ಕನಸಿನಲ್ಲಿ ಯಾರು ಯಾರ ಜೊತೆ ಎಲ್ಲಿದ್ದರು ಎಂಬುದಕ್ಕೆ ಎಚ್ಚರವಾದವರು ವಿವರಣೆ ಕೊಡಬೇಕಾದ ಪ್ರಸಂಗಗಳು ಬರುತ್ತವೆ. ಹೆಸರುಗಳ ಬದಲು ಗುರುತಿನ ಅಕ್ಷರ ಬಳಸಿ, ಇಲ್ಲವೇ ಮೊಬೈಲಿನಲ್ಲಿ ಬರೆದು ಬೀಗ ಹಾಕಿ. ಮೊಬೈಲ್ ಕೈಗೆತ್ತಿಕೊಂಡಾಗ ಕನಸು ಬರೆದು ಮುಗಿಯುವವರೆಗೆ ಸಂದೇಶಗಳನ್ನು ಮಾತ್ರ ತೆರೆಯಬೇಡಿ.